ಯಂತ್ರಕ್ಕೆ ಒಪ್ಪಿಸಿದ ಚಾಕರಿ



ರಾಜ್ಯೋತ್ಸವದ ವೇದಿಕೆಯಲ್ಲಿ ಯಂತ್ರದ ಮಾತೇಕೆ ಎಂದು ತಾವು ಕೇಳಬಹುದು. ಐರೋಲಿ, ರಬಾಳೆ, ಮಹಾಪೆಗಳಲ್ಲಿ ಎದ್ದಿರುವ ಡೇಟಾ ಸೆಂಟರುಗಳೆಂಬ ಭಾರಿ ಕಟ್ಟಡಗಳನ್ನು ತಮ್ಮಲ್ಲಿ ಅನೇಕರು ನೋಡಿದ್ದೀರಿ. ಬ್ಯಾಂಕು, ಆಸ್ಪತ್ರೆ, ಅಂಗಡಿಗಳ ಕಿರ್ದಿ ಖಾತೆಗಳು ಇಂದು ಅಂಥ ಕಟ್ಟಡಗಳೊಳಗಿನ ಸರ್ವರುಗಳಲ್ಲಿರುತ್ತವೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಬುತ್ತಿ ಕಟ್ಟಿಕೊಂಡು ರಾತ್ರಿ ಪಾಳಿಗೆ ಹೊರಡುವ ನಮ್ಮ ಮಕ್ಕಳಲ್ಲಿ ಕೆಲವರ ಅನ್ನ ಅಲ್ಲಿಯೇ ಇದೆ. “ರಾತ್ರಿಯೆಲ್ಲ ಕೂತು ಏನು ಮಾಡ್ತೀಯಪ್ಪಾ?” ಎಂದು ಅಜ್ಜಿ ಕೇಳಿದರೆ ಹುಡುಗ ನಕ್ಕು ಸುಮ್ಮನಾಗುತ್ತಾನೆ. ಅವನ ಪರವಾಗಿ ನಾವು ಉತ್ತರ ಹೇಳಲೆತ್ನಿಸುತ್ತೇವೆ.

ಈ ಸರ್ವರುಗಳಲ್ಲಿ ಅನೇಕವು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯಿಂದ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಆರಂಭಿಸಿದರು. ದಿನದ ದಾಖಲೆಗಳಿಗೆ ಇನ್ನೊಂದು ಪ್ರತಿ ತೆಗೆದಿಡುವುದು, ಯಂತ್ರವು ಬರೆದುಕೊಳ್ಳುವ ದಿನಚರಿ ಬೆಳೆದು ಡಿಸ್ಕು ತುಂಬದಂತೆ ಹಳೆಯದನ್ನು ಕಟ್ಟಿಡುವುದು, ಇಂಥವು ಅಲ್ಲಿಯ ಚಾಕರಿ. ನಿನ್ನೆ ಮಾಡಿದ್ದೇ ಇಂದು, ಇಂದಿನದೇ ನಾಳೆ. ಇದಕ್ಕಾಗಿ ಮನುಷ್ಯನ ನಿದ್ದೆ ಕೆಡಿಸುವುದು ನ್ಯಾಯವಲ್ಲ.

ಲಿನಕ್ಸಿಗೆ ಹಿರಿಯದಾದ ಯೂನಿಕ್ಸಿನಲ್ಲಿ, 1970ರ ದಶಕದಲ್ಲೇ, ಶಾಲೆಯಲ್ಲಿ ಗಂಟೆ ಬಾರಿಸುವ ಜವಾನನಂಥ ಒಂದು ಏರ್ಪಾಡಿತ್ತು. ‘ಕ್ರಾನ್’ ಎಂದು ಅದರ ಹೆಸರು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣ, ಆಮೇಲೆ ಮಾಡಬೇಕಾದ ಕೆಲಸ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. 30, 2, ಬಳಿಕ ಮೂರು ನಕ್ಷತ್ರ ಗುರುತು ಎಂದರೆ ದಿನವೂ ರಾತ್ರಿ ಎರಡೂವರೆಗೆ ಎಂದರ್ಥ. ಆದರೆ ಯಾರ ಎರಡೂವರೆ? ಅನೇಕ ಸರ್ವರುಗಳ ಗಡಿಯಾರವನ್ನು ಜಾಗತಿಕ ಕಾಲಮಾನಕ್ಕೆ ಹೊಂದಿಸಿರುತ್ತಾರೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿಯೇ ಮುಗಿಯಲೆಂದು ಬರೆದ ಕೆಲಸ, ಡೊಂಬಿವಲಿಯ ಪ್ಲಾಟ್‌ಫಾರಮು ತುಂಬಿ ತುಳುಕುವ ಬೆಳಗಿನ ಎಂಟಕ್ಕೆ ಹೊರಟೀತು!

ಎಲ್ಲವನ್ನೂ ಕೈಯಿಂದಲೇ ಮಾಡುತ್ತೇವೆಂಬ ಹಟವೂ ಇನ್ನು ನಡೆಯದು. ಜಾಲತಾಣಗಳು ತಮ್ಮ ಗುರುತಿಗೆಂದು ಇಟ್ಟುಕೊಳ್ಳುವ ಪ್ರಮಾಣಪತ್ರದ ಅವಧಿಯನ್ನು 2029ರ ಮಾರ್ಚಿನಿಂದ ಹೆಚ್ಚೆಂದರೆ 47 ದಿನಕ್ಕೆ ಇಳಿಸಬೇಕೆಂದು 2025ರಲ್ಲಿ ನಿರ್ಣಯವಾಗಿದೆ. ನೂರು ಸರ್ವರು ನೋಡಿಕೊಳ್ಳುವವನು ಪಂಚಾಂಗ ಹಿಡಿದು ಕೂರಲಾದೀತೆ?

ಇರಲಿ. ನಾವು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಚಾಕರಿ ಒಪ್ಪಿಸುವುದು ಸುಲಭ. ಅದು ನಡೆಯಿತೆ ಎಂದು ಕೇಳಲು ಮರೆಯುವುದು ಇನ್ನೂ ಸುಲಭ. ಗಿಟ್‌ಲ್ಯಾಬ್ ಎಂಬುದು ದೇಶದೇಶಗಳ ತಂತ್ರಜ್ಞರು ತಮ್ಮ ಕೆಲಸವನ್ನು ಇಟ್ಟುಕೊಳ್ಳುವ ತಾಣ. 2017ರ ಜನವರಿ 31ರ ರಾತ್ರಿ, ಹೊತ್ತು ಮೀರಿ ದುಡಿಯುತ್ತಿದ್ದ ಅಲ್ಲಿಯ ನೌಕರರೊಬ್ಬರು ಒಂದು ಸರ್ವರೆಂದು ತಿಳಿದು ಇನ್ನೊಂದರ ದಾಖಲೆಗಳನ್ನು ಅಳಿಸಿಬಿಟ್ಟರು. ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ದಿನವೂ ತಾನಾಗಿ ಪ್ರತಿ ತೆಗೆಯುವ ಏರ್ಪಾಡು ಇತ್ತಲ್ಲ, ಹೆದರಿಕೆ ಏಕೆ? ತೆರೆದು ನೋಡಿದರೆ ಪೆಟ್ಟಿಗೆ ಖಾಲಿ! ದಾಖಲೆಗಳಿದ್ದದ್ದು 9.6ನೆಯ ಆವೃತ್ತಿಯಲ್ಲಿ, ಪ್ರತಿ ತೆಗೆಯುವ ಸಾಧನ 9.2ರದು, ಒಂದಕ್ಕೊಂದು ಹೊಂದದೆ ಕೆಲಸ ಕೆಡುತ್ತಿತ್ತು. ಕೆಟ್ಟಿತೆಂದು ಯಂತ್ರವೇನೋ ಈಮೇಲು ಕಳಿಸುತ್ತಿತ್ತು. ಆದರೆ ಕಳಿಸಿದವರು ಯಾರೆಂಬುದಕ್ಕೆ ಬೇಕಾದ ಸಹಿ ಇಲ್ಲವೆಂದು ಆ ಪತ್ರಗಳು ತಿರಸ್ಕೃತವಾಗುತ್ತಿದ್ದವು. ಕೊನೆಗೆ ಕೈಹಿಡಿದದ್ದು, ಸುಮಾರು ಆರು ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ಕೈಯಾರೆ ತೆಗೆದಿದ್ದ ಪ್ರತಿ. ಆ ಆರು ಗಂಟೆಗಳಲ್ಲಿ ಜನ ಬರೆದ ಟಿಪ್ಪಣಿಗಳು, ತೆರೆದ ಹೊಸ ಖಾತೆಗಳು ಹೋದವು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು, ಅದು ದೊಡ್ಡತನ.

ಆದ್ದರಿಂದ ಜಾಣ ಹುಡುಗ ಕ್ರಾನ್‌ಗೆ ಒಂದು ಸಾಲು ಬರೆದು ಮಲಗಿಬಿಡುವುದಿಲ್ಲ. ಕೆಲಸ ಮುಗಿದೊಡನೆ ಸರ್ವರು ಇನ್ನೊಂದು ಯಂತ್ರಕ್ಕೆ ‘ಮುಗಿಯಿತು’ ಎಂದು ತಿಳಿಸುವಂತೆ ಮಾಡುತ್ತಾನೆ. ಗೊತ್ತಾದ ಹೊತ್ತಿಗೆ ಆ ಸುದ್ದಿ ಬಾರದಿದ್ದರೆ ಅವನ ಫೋನು ಕೂಗುತ್ತದೆ. ಊರು ತಲುಪಿದೆನೆಂದು ಮಗ ಫೋನು ಮಾಡದಿದ್ದರೆ ತಾಯಿ ತಾನೇ ವಿಚಾರಿಸುವುದಿಲ್ಲವೆ, ಹಾಗೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಸರ್ವರಿಗೆ ಇಳಿಸಿ, ದಾಖಲೆಗಳು ಓದಲು ಬರುತ್ತವೆಯೆ ಎಂದು ತೆರೆದೂ ನೋಡುತ್ತಾನೆ.

ಯಂತ್ರವೇ ದುಡಿದರೆ ನಮ್ಮ ಮಕ್ಕಳ ಗತಿಯೇನು? ಪಾಳಿಯಲ್ಲಿ ಕೂತು ಅದೇ ಆಜ್ಞೆಯನ್ನು ಮತ್ತೆ ಮತ್ತೆ ಒತ್ತುವವರ ಅಗತ್ಯ ಕಡಿಮೆಯಾಗುತ್ತದೆ, ಇದನ್ನು ಮರೆಮಾಚಬಾರದು. ಆ ಸಾಲುಗಳನ್ನು ಬರೆದು ಪರೀಕ್ಷಿಸಬಲ್ಲವರು ಬೇಕೇ ಬೇಕು. ಲಿನಕ್ಸ್ ಪುಕ್ಕಟೆಯಾಗಿಯೇ ಸಿಗುತ್ತದೆ. ಕಲಿಯಲು ಮನೆಯ ಹಳೆಯ ಕಂಪ್ಯೂಟರು ಸಾಕು.

ಇನ್ನೊಂದು ಮಾತು. ನಮ್ಮಂಥ ಸಂಘಗಳ ಸದಸ್ಯರ ಪಟ್ಟಿ, ಹಳೆಯ ಸ್ಮರಣ ಸಂಚಿಕೆಗಳ ಚಿತ್ರಪ್ರತಿಗಳು ಕಾರ್ಯದರ್ಶಿಗಳೊಬ್ಬರ ಕಂಪ್ಯೂಟರಿನಲ್ಲಿ ಮಾತ್ರ ಇರುವುದುಂಟು. ಈ ಹುಡುಗ ಹುಡುಗಿಯರಲ್ಲಿ ಇಬ್ಬರು ಒಂದು ಭಾನುವಾರ ಕೂತು ಅದಕ್ಕೂ ರಾತ್ರಿಯ ಪ್ರತಿಯ ಏರ್ಪಾಡು ಮಾಡಿಕೊಡಲಿ. ವಾರ್ಷಿಕ ಸಭೆಯಲ್ಲಿ ಜಮಾಖರ್ಚು ಓದಿದ ಮೇಲೆ, ಆ ಪ್ರತಿಯನ್ನೂ ಸಭೆಯೆದುರು ತೆರೆದು ತೋರಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ.