ಗುಡ್ಡದ ಮೇಲಣ ವಿದ್ಯಾಶಾಲೆ



ಬೆಂಗಳೂರಿನಿಂದ ಘಟ್ಟವಿಳಿದು ಮಂಗಳೂರನ್ನು ಸೇರಿದವರಿಗೆ, ಊರ ನಡುವಣ ಈದ್ಗಾ ಗುಡ್ಡದ ಮೇಲಿರುವ ನೀಳವಾದ ಕಟ್ಟಡವೊಂದು ಪರಿಚಿತವಾಗಿರಬಹುದು. ಅದೇ ಸಂತ ಅಲೋಶಿಯಸ್ ವಿದ್ಯಾಶಾಲೆ. ಅದರ ಚರಿತ್ರೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಬಿನ್ನವಿಸುತ್ತೇವೆ.

ಈ ಶಾಲೆಯು ಊರವರು ಬೇಡಿ ಪಡೆದ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ತಮ್ಮ ಮಕ್ಕಳಿಗೆ ಊರಿನಲ್ಲಿಯೇ ಉಚ್ಚಶಿಕ್ಷಣ ದೊರೆಯಲೆಂದು ಮಂಗಳೂರಿನ ಕಥೋಲಿಕರು ಜೆಸ್ಯೂಟ್ ಪಾದ್ರಿಗಳಿಗಾಗಿ ರೋಮಿಗೆ ಬರೆದುಕೊಂಡರು. 1878ರ ಡಿಸೆಂಬರ್ 31ರಂದು ವೆನಿಸ್ ಪ್ರಾಂತದ ಜೆಸ್ಯೂಟರು ಬಂದಿಳಿದರು. 1880ರ ಜನವರಿ 12ರಂದು ಪಾಠಗಳು ಮೊದಲಾದುವು. ಆಗ ಶಾಲೆಗೆ ಸ್ವಂತ ಮಂದಿರವಿರಲಿಲ್ಲ. ಲಾರೆನ್ಸ್ ಲೋಬೊ ಪ್ರಭು ಎಂಬ ಗೃಹಸ್ಥರು ಗುಡ್ಡದ ಮೇಲಣ ನೆಲವನ್ನು ದಾನವಾಗಿತ್ತರು. 1882ರಲ್ಲಿ ಅಸ್ತಿಭಾರವನ್ನಿಟ್ಟರು, 1885ರಲ್ಲಿ ತರಗತಿಗಳು ಗುಡ್ಡವನ್ನೇರಿದುವು.

ಕಟ್ಟಡದ ಮಗ್ಗುಲಲ್ಲಿಯೇ ಒಂದು ಪ್ರಾರ್ಥನಾಮಂದಿರವೂ ಎದ್ದಿತು. ಅದರ ಗೋಡೆಗಳು ಬಹುಕಾಲ ಬರಿದಾಗಿದ್ದುವು. 1899ರಲ್ಲಿ ಆಂಟೋನಿಯೋ ಮೋಸ್ಕೆನಿ ಎಂಬ ಇಟಲಿಯ ಜೆಸ್ಯೂಟ್ ಸೋದರನು ಅಲ್ಲಿ ಕುಂಚವನ್ನು ಹಿಡಿದನು. ಹಸಿಯಾದ ಸುಣ್ಣದ ಗಾರೆಯ ಮೇಲೆ, ಅದು ಆರುವುದರೊಳಗಾಗಿಯೇ ಬಣ್ಣವನ್ನೆಳೆಯಬೇಕು. ಬಣ್ಣವು ಸುಣ್ಣದೊಡನೆ ಬೆರೆತು ಕಲ್ಲಿನಂತಾಗುವುದು. ತಪ್ಪಿದರೆ ಗಾರೆಯನ್ನು ಕೆತ್ತಿ ತೆಗೆದು ಮರಳಿ ತೊಡಗಬೇಕು. ಗೋಡೆಗಳಲ್ಲಿ ಈ ವಿಧಾನವನ್ನೂ, ಛಾವಣಿಯಲ್ಲಿ ಕ್ಯಾನ್‌ವಾಸಿನ ಮೇಲೆ ತೈಲವರ್ಣವನ್ನೂ ಬಳಸಿ, ಕರಾವಳಿಯ ಸೆಕೆಯಲ್ಲಿ, ಅವನು 1901ರ ಹೊತ್ತಿಗೆ ಕೆಲಸವನ್ನು ಮುಗಿಸಿದನು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡನು.

ಛಾವಣಿಯಲ್ಲಿ ಅವನು ಬರೆದುದೇನು? ಶಾಲೆಗೆ ಹೆಸರನ್ನಿತ್ತ ಅಲೋಶಿಯಸ್ ಗೊನ್ಸಾಗನ ಜೀವನವನ್ನು. 1568ರಲ್ಲಿ ಅರಸುಮನೆಯಲ್ಲಿ ಹುಟ್ಟಿದ ಆ ತರುಣನು ಪದವಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ಪ್ಲೇಗು ರೋಗಿಗಳನ್ನು ಉಪಚರಿಸುತ್ತ 1591ರಲ್ಲಿ ತಾನೂ ಜಾಡ್ಯಕ್ಕೆ ಈಡಾದನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ಪರೀಕ್ಷೆಗಾಗಿ, ಉದ್ಯೋಗಕ್ಕಾಗಿ ಪುಸ್ತಕವನ್ನು ಹಿಡಿದು ಬಂದ ಹುಡುಗರ ನೆತ್ತಿಯ ಮೇಲೆ ಇಂತಹ ಚಿತ್ರ! ವಿದ್ಯೆಯು ಗಳಿಕೆಗೆ ಮಾತ್ರವಲ್ಲ, ತೊರೆಯುವುದಕ್ಕೂ ಶಕ್ತಿಯನ್ನೀಯಬೇಕೆಂದು ಆ ಛಾವಣಿಯು ಬೋಧಿಸುತ್ತದೆ. ಮತವಾವುದೇ ಇರಲಿ, ಈ ಪಾಠವು ಎಲ್ಲರಿಗೂ ಸಲ್ಲುವಂಥದೆಂದು ನಾವು ಭಾವಿಸುತ್ತೇವೆ.

ಕಾಲವು ಬಣ್ಣವನ್ನೂ ಬಿಡುವುದಿಲ್ಲ. ಮಳೆಗಾಲದ ತೇವದಿಂದ ಚಿತ್ರಗಳು ನಂದತೊಡಗಿದಾಗ, 1991ರಿಂದ 1994ರ ವರೆಗೆ ಇಂಟಾಕ್ ಸಂಸ್ಥೆಯ ತಜ್ಞರು ಅವನ್ನು ಜೀರ್ಣೋದ್ಧಾರ ಮಾಡಿದರು. 2024ರಲ್ಲಿ ಕಾಲೇಜಿಗೆ ಪರಿಗಣಿತ ವಿಶ್ವವಿದ್ಯಾನಿಲಯದ ಪದವಿಯೂ ಬಂದಿತು. ಪದವಿಯು ಏರಿದಂತೆಲ್ಲ ಛಾವಣಿಯ ಪಾಠವನ್ನು ಮರೆಯುವ ಭಯವೂ ಏರುತ್ತದೆ. ಗೋಡೆಯ ಬಣ್ಣವನ್ನು ತಜ್ಞರು ಉಳಿಸಿಯಾರು; ಅದರ ಅರ್ಥವನ್ನು ಉಳಿಸುವ ಹೊಣೆ ಕಲಿತವರಾದ ನಮ್ಮೆಲ್ಲರದು.