ನಮ್ಮ ಕನ್ನಡ ಶಾಲೆ ಗೂಗಲ್‌ನಲ್ಲಿ ಯಾಕೆ ಸಿಗುತ್ತಿರಲಿಲ್ಲ?

(ಅಮೆರಿಕದ ಡಲ್ಲಾಸ್ ಬಳಿಯ ಫ್ರಿಸ್ಕೊದಲ್ಲಿ ಕನ್ನಡ ಶಾಲೆಯ ಸ್ವಯಂಸೇವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಊಟಕ್ಕೆ ಮುಂಚೆ ಹದಿನೈದು ನಿಮಿಷ ಅಂತ ಮೈಕ್ ಕೊಟ್ಟಿದ್ದಾರೆ. ಬಿಸಿಬೇಳೆಬಾತ್ ಆರುವುದರೊಳಗೆ ಮುಗಿಸುತ್ತೇನೆ. ನಾನು ಭಾಷಾ ಪಂಡಿತನಲ್ಲ, ಟೀಚರೂ ಅಲ್ಲ. ಶಾಲೆಯ ವೆಬ್‌ಸೈಟ್ ನೋಡಿಕೊಳ್ಳುವವನು, ಅಷ್ಟೆ.

ಹೋದ ವರ್ಷ ಚಿಕ್ಕ ಮಕ್ಕಳ ತರಗತಿಗೆ ಹೊಸದಾಗಿ ಸೇರಿದ್ದು ಮೂರೇ ಮಕ್ಕಳು. ಈ ಊರಲ್ಲಿ ಕನ್ನಡಿಗರಿಗೇನು ಬರವೇ? ಶನಿವಾರ ಇಂಡಿಯನ್ ಅಂಗಡಿಯ ಸಾಲಿನಲ್ಲಿ ನಿಂತರೆ ಹಿಂದೆ ಮುಂದೆ ಕನ್ನಡವೇ ಕೇಳಿಸುತ್ತದೆ. ಅಂಥದ್ದೇ ಸಾಲಿನಲ್ಲಿ ಒಬ್ಬರು ಪರಿಚಯವಾದರು, ಹಾಸನದ ಕಡೆಯವರು. "ಇಲ್ಲಿ ಕನ್ನಡ ಕ್ಲಾಸ್ ಇದೆಯಾ ಸಾರ್? ಬಂದ ಹೊಸದರಲ್ಲಿ ಗೂಗಲ್ ಮಾಡಿದ್ದೆ, ಏನೂ ಸಿಗಲಿಲ್ಲ" ಅಂದರು. ಅವರು ಬಂದು ಮೂರು ವರ್ಷವಾಗಿತ್ತು. ಬಂದಾಗ ಮಗಳಿಗೆ ಐದು, ಈಗ ಎಂಟು. ಆ ಮಗು ಈಗ ಅಪ್ಪ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ನಮ್ಮ ಶಾಲೆ ಅವರ ಮನೆಯಿಂದ ಹತ್ತು ನಿಮಿಷದ ದಾರಿ!

ತಪ್ಪು ನನ್ನದು. ವೆಬ್‌ಸೈಟ್ ಮಾಡಿದಾಗ ಎಲ್ಲ ಪುಟಗಳ ತಲೆಬರಹದಲ್ಲೂ "ಲರ್ನ್ ಕನ್ನಡ" ಎಂದು ತುಂಬಿದ್ದೆ. ಯಾಕೆಂದರೆ ಗೂಗಲ್‌ನ ಕೀವರ್ಡ್ ಪ್ಲಾನರ್‌ನಲ್ಲಿ ಅತಿ ಹೆಚ್ಚು ಹುಡುಕಾಟ ಕಂಡಿದ್ದು ಅದಕ್ಕೇ. ಇದು ಜಾಹೀರಾತು ಕೊಡುವವರಿಗಾಗಿ ಮಾಡಿದ ಉಪಕರಣ. ಒಂದು ಪದ ಕೊಟ್ಟರೆ ಅದನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ಹೇಳುತ್ತದೆ. ಜಾಹೀರಾತಿಗೆ ದುಡ್ಡು ಸುರಿಯದ ನಮ್ಮಂಥವರಿಗೆ ಸರಿಯಾದ ಸಂಖ್ಯೆ ಕೊಡುವುದಿಲ್ಲ. 10ರಿಂದ 100, 1,000ದಿಂದ 10,000 ಎಂದು ಅಂದಾಜು ತೋರಿಸಿ ಸುಮ್ಮನಾಗುತ್ತದೆ. ಪಕ್ಕದಲ್ಲೇ "ಕಾಂಪಿಟಿಷನ್" ಎಂಬ ಕಾಲಂ. ನನ್ನ ಪದದ ಎದುರು "ಕಡಿಮೆ" ಎಂದಿತ್ತು. ಹುಡುಕುವವರು ಜಾಸ್ತಿ, ಪೈಪೋಟಿ ಕಡಿಮೆ! ಹಿಗ್ಗಿಬಿಟ್ಟೆ.

ಆದರೆ ಆ ಕಾಲಂ ಹೇಳುವುದು ಆ ಪದಕ್ಕೆ ಜಾಹೀರಾತು ಹಾಕಲು ಎಷ್ಟು ಜನ ನುಗ್ಗುತ್ತಿದ್ದಾರೆ ಎಂಬುದನ್ನು ಮಾತ್ರ. ದುಡ್ಡು ಕೊಡದೆ ಮೊದಲ ಪುಟಕ್ಕೆ ಬರುವುದು ಎಷ್ಟು ಕಷ್ಟ ಎಂಬ ಲೆಕ್ಕವೇ ಬೇರೆ. ಅದನ್ನು ತಿಳಿಯಲು ಉಪಕರಣ ಬೇಕಾಗಿಲ್ಲ. ಆ ಪದವನ್ನು ನೀವೇ ಹಾಕಿ, ಎದುರಿಗೆ ಯಾರು ಕೂತಿದ್ದಾರೆ ನೋಡಿ. ನನ್ನ ಪದಕ್ಕೆ ಯೂಟ್ಯೂಬ್, ಮೊಬೈಲ್ ಆ್ಯಪ್‌ಗಳು, ವರ್ಷಗಳಿಂದ ಬೇರೂರಿದ ದೊಡ್ಡ ದೊಡ್ಡ ಸೈಟುಗಳು ಬಂದವು. ನಮ್ಮದು ಆರನೇ ಪುಟದಲ್ಲೂ ಇರಲಿಲ್ಲ. ಇದು ಸಾಲದೆಂಬಂತೆ, ಬೆಂಗಳೂರಿಗೆ ಕೆಲಸಕ್ಕೆ ಬಂದು ಆಟೋದವರ ಜೊತೆ ಮಾತಾಡಲು ಕಲಿಯುವವರೂ ಅದೇ ಪದ ಹಾಕುತ್ತಾರೆ. ಅವರು ಕಲಿಯಲಿ, ಸಂತೋಷ; ಆದರೆ ಫ್ರಿಸ್ಕೊಗೆ ಭಾನುವಾರ ಬೆಳಿಗ್ಗೆ ಮಗು ಕರಕೊಂಡು ಬರುವವರು ಅವರಲ್ಲವಲ್ಲ.

ಹಾಗಾಗಿ ಉಲ್ಟಾ ಹೊರಟೆ. "ಕನ್ನಡ ಕ್ಲಾಸಸ್ ಫ್ರಿಸ್ಕೊ" ಎಂದು ಹಾಕಿದರೆ ಪ್ಲಾನರ್‌ನಲ್ಲಿ ಸಂಖ್ಯೆಯ ಜಾಗದಲ್ಲಿ ಬರೀ ಒಂದು ಗೆರೆ. ಅಂದರೆ ಯಾರೂ ಹುಡುಕುವುದಿಲ್ಲ ಎಂದಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಇಲ್ಲ ಎಂದು. ಆದರೆ ಹುಡುಕಿದಾಗ ಬಂದದ್ದೇನು? ಎಲ್ಲ ಭಾಷೆಯ ಟ್ಯೂಷನ್ ಪಟ್ಟಿ ಮಾಡುವ ಸೈಟುಗಳು, ಯಾವುದೋ ಕಾಲದ ರಾಜ್ಯೋತ್ಸವದ ಕರೆಯೋಲೆ. ಜಾಗ ಖಾಲಿ! ತಿಂಗಳಿಗೆ ಐದೇ ಜನ ಹುಡುಕಲಿ, ನಾವು ಮೊದಲು ಕಂಡರೆ ಇಬ್ಬರಾದರೂ ಫೋನ್ ಮಾಡುತ್ತಾರೆ. ಸಾವಿರ ಜನ ಹುಡುಕಿ ನಾವು ಕಾಣದೇ ಹೋದರೆ ಬರುವುದು ಸೊನ್ನೆ. ಮೊನ್ನೆ ಆಗಸ್ಟ್‌ನಲ್ಲಿ ಸೇರಿದ ಹನ್ನೊಂದು ಮಕ್ಕಳಲ್ಲಿ ಏಳು ಮಕ್ಕಳ ಮನೆಯವರು "ಹುಡುಕಿದಾಗ ಸಿಕ್ಕಿತು" ಎಂದರು.

ಇಂಥ ಪದಗಳು ಸಿಗುವುದು ಬಾಗಿಲಲ್ಲಿ. ಮಗು ಬಿಡಲು ಬಂದವರನ್ನು "ಏನಂತ ಟೈಪ್ ಮಾಡಿದ್ರಿ?" ಎಂದು ಕೇಳುತ್ತೇನೆ. ಒಬ್ಬ ತಾಯಿ, "ಮಗು ಅಜ್ಜಿ ಹತ್ರ ಫೋನಲ್ಲಿ ಮಾತಾಡೋಷ್ಟು ಕನ್ನಡ ಹೇಗೆ ಕಲಿಸೋದು ಅಂತ ಹಾಕಿದ್ದೆ" ಎಂದರು, ಇಂಗ್ಲಿಷಿನಲ್ಲಿ, ಇಡೀ ವಾಕ್ಯ. ಯಾವ ಉಪಕರಣದಲ್ಲೂ ನನಗೆ ಹೊಳೆಯದ ಪದ. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವಾಗ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ. "ವರ್ಣಮಾಲೆ"ಗೆ ಕೆಲವರು ಎರಡು 'ಎ' ಹಾಕುತ್ತಾರೆ, ಕೆಲವರು ಒಂದೇ. ಪ್ರತಿಯೊಂದರ ಲೆಕ್ಕ ಬೇರೆ ಬೇರೆ ಹಂಚಿಹೋಗಿ, ಇಡೀ ಪದವೇ ಯಾರಿಗೂ ಬೇಡವೇನೋ ಎನ್ನುವಂತೆ ಕಾಣುತ್ತದೆ.

ಖಾಲಿ ಜಾಗದ ಇನ್ನೊಂದು ಮುಖವೂ ಇದೆ. 2021ರ ಜೂನ್ ನೆನಪಿದೆಯೇ? ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ಎಲ್ಲಕ್ಕಿಂತ ಮೇಲೆ ಡಬ್ಬಿ ಕಟ್ಟಿ "ಕನ್ನಡ" ಎಂದು ತೋರಿಸಿತು. ನಾವೆಲ್ಲ ಕುದ್ದು ಹೋದೆವು, ಕರ್ನಾಟಕ ಸರ್ಕಾರ ನೋಟಿಸ್ ಕೊಡುತ್ತೇವೆ ಎಂದಿತು, ಗೂಗಲ್ ಕ್ಷಮೆ ಕೇಳಿ ತೆಗೆಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ನನ್ನ ಕಸುಬಿನ ಕಣ್ಣಿಗೆ ಕಂಡದ್ದು ಬೇರೆ: ಆ ಪ್ರಶ್ನೆಗೆ ಗಂಭೀರವಾಗಿ ಉತ್ತರ ಬರೆದವರು ಯಾರೂ ಇರಲಿಲ್ಲ. ಪೈಪೋಟಿ ಇಲ್ಲದ ಕಡೆ ಯಾರೋ ಗೀಚಿದ ಒಂದು ಸಾಲು ಹೋಗಿ ಸಿಂಹಾಸನದಲ್ಲಿ ಕೂತಿತು. ಇಂಥ ಖಾಲಿ ಜಾಗಕ್ಕೆ ಮೈಕ್ರೋಸಾಫ್ಟ್‌ನ ಮೈಕೆಲ್ ಗೊಲೆಬಿಯೆವ್‌ಸ್ಕಿ "ಡೇಟಾ ವಾಯ್ಡ್" ಎಂದು ಹೆಸರಿಟ್ಟಿದ್ದಾರೆ. ಈಗಂತೂ ಹುಡುಕಿದರೆ ಮೇಲ್ಗಡೆ ಎಐ ಉತ್ತರ ಬರುತ್ತದೆ. ಅದೂ ಯಾರೋ ಬರೆದದ್ದನ್ನೇ ಹೆಕ್ಕಿ ಹೇಳುವುದು.

ನನಗೆ ನಿಮ್ಮಿಂದ ಒಂದು ಸಹಾಯ ಬೇಕು. ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಈ ಊರಿಗೆ ಹೊಸದಾಗಿ ಬಂದಾಗ ಕನ್ನಡದ ಬಗ್ಗೆ ನೀವು ಏನೇನು ಹುಡುಕಿದ್ದಿರಿ, ಯಾವುದು ಸಿಗಲಿಲ್ಲ, ಬರೆದು ಹೋಗಿ. ಟೈಪ್ ಮಾಡಿದ್ದು ಹೇಗಿತ್ತೋ ಹಾಗೇ, ಕಾಗುಣಿತ ತಿದ್ದಬೇಡಿ. ಮುಂದಿನ ಭಾನುವಾರ ತರಗತಿ ಮುಗಿದ ಮೇಲೆ ನಾಲ್ಕು ಜನ ಕೂತು, ಒಂದೊಂದಕ್ಕೆ ಒಂದೊಂದು ಪುಟ ಬರೆಯೋಣ. ಅಜ್ಜಿಯ ಪುಟ ನಾನು ಶುರು ಮಾಡಿದ್ದೇನೆ, ಅರ್ಧ ಆಗಿದೆ.

ಊಟಕ್ಕೆ ಏಳಿ.