ಪುಣೆಗೆ ಹೋಗುವ ಮೊದಲಿನ ಹತ್ತು ತಿಂಗಳು



ನಮ್ಮ ಅಕ್ಕಲಕೋಟ ತಾಲೂಕಿನಿಂದ ಪುಣೆಗೆ ಓದಲಿಕ್ಕೆ, ಸ್ಪರ್ಧಾ ಪರೀಕ್ಷೆ ತಯಾರಿಗೆ ಹೋಗಬೇಕು ಅನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಹೋಗುವವರು ಮಾತ್ರ ಕಡಿಮಿ. ಯಾಕಂತ ಕೇಳಿದ್ರ ಒಂದೇ ಉತ್ತರ, ರೊಕ್ಕ ಇಲ್ಲ. ಎಷ್ಟು ಬೇಕು ಅಂತ ಕೇಳಿದ್ರ ಉತ್ತರ ಇರೂದಿಲ್ಲ. ಆ ಲೆಕ್ಕವನ್ನೇ ಇವತ್ತು ಮಾಡೋಣ.

ಬಾಬಾಸಾಹೇಬರೂ ಈ ಲೆಕ್ಕ ಮಾಡಿದವರೇ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದು, 1917ರಲ್ಲಿ ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಪಗಾರ ತಿಂಗಳಿಗೆ 450 ರೂಪಾಯಿ, ಆ ಕಾಲಕ್ಕ ಸಣ್ಣದಲ್ಲ. ಆದ್ರೂ ದೊಡ್ಡ ಮನೆ ಹಿಡೀಲಿಲ್ಲ. ಪರೇಲದ ಚಾಳಿನ ಎರಡು ಖೋಲಿಯಲ್ಲೇ ಸಂಸಾರ. ಮನೆ ಖರ್ಚಿಗೆ ಇಷ್ಟು ಅಂತ ರಮಾಯಿ ಕೈಗೆ ಕೊಟ್ಟು, ಉಳಿದದ್ದು ಲಂಡನ್ನಿಗೆ. 1920ರಲ್ಲಿ ನೌಕರಿ ಬಿಟ್ಟು ಮತ್ತೆ ಹಡಗು ಹತ್ತಿದರು. ಅಲ್ಲಿ ಹೊಟ್ಟೆ ಕಟ್ಟಿದರು, ಪುಸ್ತಕಕ್ಕೆ ಮಾತ್ರ ಕೈ ಬಿಗಿ ಹಿಡೀಲಿಲ್ಲ. ಇದಕ್ಕ ಜಿಪುಣತನ ಅನ್ನಲಿಕ್ಕೆ ಬರೂದಿಲ್ಲ. ರೊಕ್ಕ ಯಾವುದಕ್ಕ ಅಂತ ಮೊದಲೇ ಠರಾಯಿಸಿದ್ದರು, ಅಷ್ಟೇ. ಆ ಲೆಕ್ಕದಾಗ ರಮಾಯಿಯ ಪಾಲು ಎಷ್ಟಿತ್ತು ಅನ್ನೂದನ್ನ ನಾವು ಭಾಷಣದಾಗ ಮರೀತೀವಿ.

ಈಗ ನಮ್ಮದು. ಪುಣೆಯಲ್ಲಿ ಕಾಟ್ ಬೇಸಿಸ್ ಮೇಲೆ ಒಂದು ಜಾಗ 3,500 ರೂಪಾಯಿಗೆ ಸಿಕ್ಕಿತು ಅಂತ ಹಿಡೀರಿ. ಎರಡು ತಿಂಗಳ ಡಿಪಾಜಿಟ್ 7,000. ಮೆಸ್ಸಿಗೆ 3,000. ಗಾದಿ, ಬಕೆಟ್, ರೈಲು ಅಂತ 1,500. ಎಲ್ಲ ಕೂಡಿ 15,000. ಹತ್ತು ತಿಂಗಳು ಮೊದಲೇ ಸುರು ಮಾಡಿದ್ರ ತಿಂಗಳಿಗೆ 1,500, ದಿನಕ್ಕ 50. ಪುಡಿ, ಚಹಾದಂಗಡಿ, ಕಂತಿನ ಮೊಬೈಲು, ಗೆಳೆಯನ ಹುಟ್ಟುಹಬ್ಬದ ಬ್ಯಾನರು ಇವುಗಳಲ್ಲಿ ಆ 50 ರೂಪಾಯಿ ಇಲ್ಲ ಅಂತ ನನ್ನ ವಯಸ್ಸಿನ ಯಾವ ಹುಡುಗ ಹೇಳ್ತಾನ, ಹೇಳ್ರಿ.

ಆದ್ರ ಈ ಮಾತು ನಮ್ಮ ಅವ್ವಂದಿರಿಗೆ ಹೇಳೂದಲ್ಲ. ಕೂಲಿ ರೊಕ್ಕದಾಗ ಎಣ್ಣಿ, ಬ್ಯಾಳಿ, ಭಿಶಿ ಎಲ್ಲಾ ನಿಭಾಯಿಸೋ ಹೆಣ್ಣುಮಗಳಿಗೆ ಉಳಿತಾಯದ ಪಾಠ ಮಾಡಲಿಕ್ಕೆ ನನಗ ಬಾಯಿ ಬರೂದಿಲ್ಲ. ಆಕಿ ಕಡಿಮಿ ಮಾಡಲಿಕ್ಕೆ ಏನೂ ಉಳಿದಿಲ್ಲ. ಬಾಬಾಸಾಹೇಬರಿಗೂ ಸ್ವಂತ ಉಳಿತಾಯ ಸಾಕಾಗಲಿಲ್ಲ. ಗೆಳೆಯ ನವಲ್ ಭಥೇನಾ 5,000 ರೂಪಾಯಿ ಸಾಲ ಕೊಟ್ಟರು, ಕೊಲ್ಲಾಪುರದ ಶಾಹೂ ಮಹಾರಾಜರು ನೆರವಾದರು. ನಮಗ ಮಹಾರಾಜರಿಲ್ಲ. ಸಂಘ ಅದ.

ಅದಕ್ಕೇ ಹಿರಿಯರ ಮುಂದೆ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಏಪ್ರಿಲ್ 14ಕ್ಕ ನಾವು ಪಟ್ಟಿ ಎತ್ತತೀವಿ, ಡಿಜೆ ತರ್ತೀವಿ. ಜಯಂತಿ ದೊಡ್ಡದಾಗೇ ಆಗಬೇಕು. ಬೀದಿಯಲ್ಲಿ ತಲೆ ಎತ್ತಿ ನಡೀಲಿಕ್ಕೆ ಬಿಡದಿದ್ದ ಊರೊಳಗ ಆ ಮೆರವಣಿಗೆಗೆ ಅರ್ಥ ಅದ. ಆದ್ರ ಹಲಗಿ, ಲೇಜಿಮು ಸಾಲೂದಿಲ್ಲೇನು? ಒಂದು ರಾತ್ರಿಯ ಡಿಜೆ ಬಾಡಿಗೆಯಿಂದ ಎಷ್ಟು ಮಂದಿಯ ಡಿಪಾಜಿಟ್ ಆಗ್ತದ, ನಮ್ಮ ಖಜಾಂಚಿ ಅಣ್ಣಾರೇ ಭಾಗಿಸಿ ಹೇಳಲಿ.

ಸರ್ಕಾರದ ರೊಕ್ಕನೂ ಬಿಡೂದು ಬ್ಯಾಡ. ಸರ್ಕಾರಿ ವಸತಿಗೃಹದಲ್ಲಿ ಜಾಗ ಸಿಗದ ಪರಿಶಿಷ್ಟ ಜಾತಿ ಮತ್ತು ನವಬೌದ್ಧ ವಿದ್ಯಾರ್ಥಿಗಳಿಗೆ ಮಹಾರಾಷ್ಟ್ರದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ ಸ್ವಾಧಾರ ಯೋಜನೆ ಅದ. ಯೋಜನೆ ಸುರುವಾದಾಗ ಪುಣೆಯಂಥ ಶಹರಕ್ಕ ವರ್ಷಕ್ಕ 60,000 ರೂಪಾಯಿ ಗೊತ್ತುಮಾಡಿದ್ರು: ಊಟಕ್ಕ 32,000, ವಸತಿಗೆ 20,000, ಉಳಿದ ಖರ್ಚಿಗೆ 8,000. ಜಾತಿ ದಾಖಲೆ, ಉತ್ಪನ್ನದ ದಾಖಲೆ, ಆಧಾರ ಜೋಡಿಸಿದ ಬ್ಯಾಂಕ್ ಖಾತೆ ಈಗಲೇ ತಯಾರು ಇಟ್ಕೊಳ್ರಿ. ಆದ್ರ ಅರ್ಜಿ ಹಾಕೂದು ಪ್ರವೇಶ ಆದ ಮೇಲೆ. ಮನೆ ಮಾಲಕ ಡಿಪಾಜಿಟ್ ಕೇಳೂದು ಮೊದಲ ದಿನ. ಆ ನಡುವಿನ ತಿಂಗಳುಗಳಿಗೇ ಕೈಯಾಗ ರೊಕ್ಕ ಬೇಕು.

ಕೈಯಾಗ ರೊಕ್ಕ ಇದ್ರೂ ಅಡ್ಡಹೆಸರು ಕೇಳಿ ಖೋಲಿ ಇಲ್ಲ ಅನ್ನೋರು ಇದ್ದಾರ. 1917ರಲ್ಲಿ ಬರೋಡಾದಲ್ಲಿ ಪಾರ್ಸಿ ವಸತಿಗೃಹದಿಂದ ಬಾಬಾಸಾಹೇಬರನ್ನ ಹೊರಗ ಹಾಕಿದ್ದು ನಿಮಗ ಗೊತ್ತದ. ಅದಕ್ಕ ಮೊದಲು ಹೋದವರು ಹಿಂದೆ ಬರುವವರಿಗೆ ಖೋಲಿ ನೋಡಿಡಬೇಕು.

ನನ್ನ ಬೇಡಿಕೆ ಇಷ್ಟೇ. ಸಂಘದಾಗ ಡಿಪಾಜಿಟ್ಟಿನ ವಹಿ ಒಂದು ಬ್ಯಾರೆ ತೆಗೀರಿ. ಬಡ್ಡಿ ಬ್ಯಾಡ. ಮಾಲಕ ಡಿಪಾಜಿಟ್ ತಿರುಗಿ ಕೊಟ್ಟಾಗ ಸಂಘಕ್ಕ ತಿರುಗಿ ಕಟ್ಟಲಿ, ಮುಂದಿನವರಿಗೆ ಆಗ್ತದ. ಹುಡುಗರು ಗೆಳೆಯನ ಖೋಲಿಯಲ್ಲಿ ನೆಲದ ಮ್ಯಾಲ ಮಲಗಿ ದಿನ ದೂಡ್ತಾರ. ಹುಡುಗಿಗೆ ಹಂಗ ಆಗೂದಿಲ್ಲ, ಆಕಿಗೆ ಮೊದಲ ದಿನವೇ ಬಾಗಿಲಿರೋ ಖೋಲಿ ಬೇಕು. ವಹಿಯ ಮೊದಲ ಪುಟದಾಗ ಹುಡುಗಿಯರ ಹೆಸರು ಬರೀರಿ.